ಊಟಕ್ಕೆ ಮೊದಲು ಫೋಟೋ

ನಮ್ಮ ದೊಡ್ಡಮ್ಮನಿಗೆ ದನಿ ಇರಲಿಲ್ಲ. ಕತ್ತಿನ ಗಂಟಿನ ಆಪರೇಷನ್ ಆದ ಮೇಲೆ ಅವಳ ಗಂಟಲಿನಿಂದ ಬರುತ್ತಿದ್ದುದು ಪಿಸುಮಾತು ಮಾತ್ರ. ಸಿಟ್ಟು ಬಂದರೂ ಪಿಸುಮಾತು, ನಗು ಬಂದರೂ ಪಿಸುಮಾತು. "ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ನಮ್ಮಕ್ಕ ನೋಡು, ಬಾಯಿಲ್ಲದೆ ಒಂದು ಕ್ಲಬ್ಬನ್ನೇ ಆಳ್ತಾಳೆ," ಎನ್ನುತ್ತಿದ್ದಳು ನಮ್ಮಮ್ಮ. ಅದು ಹೊಗಳಿಕೆಯೋ ಹೊಟ್ಟೆಕಿಚ್ಚೋ ಅಮ್ಮನಿಗೇ ಗೊತ್ತಿರಲಿಲ್ಲ. ತಮ್ಮ ಅಪ್ಪ ತೀರಿಕೊಂಡ ದಿನ ಅಕ್ಕ ಕ್ಲಬ್ಬಿನಲ್ಲಿ ಯಾರದೋ ಮದುವೆಯ ಊಟ ಮುಗಿಸಿಕೊಟ್ಟು ಬಂದಳು ಎಂಬುದನ್ನು ಅವಳು ಮರೆತಿರಲಿಲ್ಲ.

ಅದು ಸದಸ್ಯರಿಗೆ ಮಾತ್ರ ಪ್ರವೇಶವಿದ್ದ ಹಳೆಯ ಕ್ಲಬ್ಬು. ಸೇರಲು ಕಾಯುವವರ ಸಾಲು ಎಷ್ಟು ಉದ್ದವೆಂದರೆ, ಕೆಲವರು ಮಗು ಹುಟ್ಟಿದ ವಾರವೇ ಅದರ ಹೆಸರು ಬರೆಸಿ ಹೋಗುತ್ತಿದ್ದರು. ದೊಡ್ಡಮ್ಮ ಅಲ್ಲಿಗೆ ಸೇರಿದ್ದು ಹೆಂಗಸರ ಬಟ್ಟೆ ಬದಲಿಸುವ ಕೋಣೆಯಲ್ಲಿ ಟವೆಲ್ ಮಡಿಸುವುದಕ್ಕೆ. ಆಮೇಲೆ ಮೇಜಿನ ಬಟ್ಟೆಗಳ ಉಗ್ರಾಣ, ಆಮೇಲೆ ಅತಿಥಿಗಳ ಕೋಣೆಗಳು, ಆಮೇಲೆ ಡೈನಿಂಗ್ ಹಾಲ್. ಅಸಿಸ್ಟೆಂಟ್ ಮ್ಯಾನೇಜರ್ ಆಗುವ ಹೊತ್ತಿಗೆ ಅವಳ ದನಿ ಹೋಗಿ, ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಅವಳ ಮೇಲೆ ಒಬ್ಬರಾದ ಮೇಲೊಬ್ಬರು ಮ್ಯಾನೇಜರುಗಳು ದೊಡ್ಡ ಹೋಟೆಲುಗಳಿಂದ ಬಂದರು. ಎದೆ ಉಬ್ಬಿಸಿಕೊಂಡು ಬಂದವರು ಮುಖ ಸಣ್ಣ ಮಾಡಿಕೊಂಡು ಹೋದರು. ಹೋಟೆಲಿನಲ್ಲಿ ಅತಿಥಿ ಎರಡು ದಿನ ಇದ್ದು ಹೋಗುತ್ತಾನೆ. ಕ್ಲಬ್ಬಿನಲ್ಲಿ ಅವನು ಸಾಯುವವರೆಗೆ ಬರುತ್ತಾನೆ, ಸತ್ತ ಮೇಲೆ ಅವನ ಮಗ ಬರುತ್ತಾನೆ. ಆ ವ್ಯತ್ಯಾಸ ಆ ಮ್ಯಾನೇಜರುಗಳಿಗೆ ತಿಳಿಯಲಿಲ್ಲ. ಕೊನೆಯವನು ಹೋದ ಮೇಲೆ ಕಮಿಟಿಯವರು ದೊಡ್ಡಮ್ಮನನ್ನು ಹಂಗಾಮಿ ಮ್ಯಾನೇಜರ್ ಮಾಡಿದರು. ನಾಲ್ಕು ವರ್ಷವಾದರೂ ಹಂಗಾಮಿಯೇ.

"ಹಂಗಾಮಿ ಅನ್ನೋದು ಬಾಡಿಗೆ ಮನೆ ಇದ್ದ ಹಾಗೆ ಕಣೇ," ಎಂದಿದ್ದಳು ಒಮ್ಮೆ. "ಗುಡಿಸಬಹುದು, ಒರೆಸಬಹುದು. ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ."

ಕಮಿಟಿಯ ತಕರಾರು ಒಂದೇ. ಮೈಕಿನ ಮುಂದೆ ನಿಂತು ಮಾತಾಡಲಾಗದವಳು ಮ್ಯಾನೇಜರ್ ಹೇಗಾದಾಳು?

ನಾನು ಅಲ್ಲಿ ವೇಟರ್ ಆಗಿ ಸೇರಿದ ಮೇಲೆಯೇ ಆ ಪ್ರಶ್ನೆ ಎಷ್ಟು ದಡ್ಡತನದ್ದು ಎಂದು ನನಗೆ ತಿಳಿದದ್ದು. ಮನೆಯಲ್ಲಿ ಅವಳು ದೊಡ್ಡಮ್ಮ, ಗೇಟು ದಾಟಿದರೆ ಮೇಡಂ. ಮೊದಲ ದಿನ ಟ್ರೇ ಹಿಡಿದು ಹಾಲ್‌ನ ಗೋಡೆಗೆ ಒರಗಿ ನಿಂತಿದ್ದೆ. ಹಾಲ್ ತುಂಬ ಜನ. ಮೇಜುಗಳ ಮೇಲೆ ಒಂದೊಂದಾಗಿ ತಟ್ಟೆಗಳು ಬಂದು ಕೂರುತ್ತಿದ್ದವು, ಖಾಲಿಯಾದದ್ದು ಮಾಯವಾಗುತ್ತಿತ್ತು, ಲೋಟಗಳು ಕೇಳುವ ಮೊದಲೇ ತುಂಬುತ್ತಿದ್ದವು. ಕೆಲಸದವರಲ್ಲಿ ಒಬ್ಬರ ಬಾಯಿಂದಲೂ ಒಂದು ಮಾತಿಲ್ಲ. ದೊಡ್ಡಮ್ಮ ಕಂಬದ ಪಕ್ಕ ನಿಂತಿದ್ದಳು. ಕಾಲರ್ ಮುಟ್ಟಿದಳು, ಒಂದು ಮೇಜಿಗೆ ನೀರು ಹೋಯಿತು. ಎರಡು ಬೆರಳು ಮಣಿಕಟ್ಟಿನ ಮೇಲಿಟ್ಟಳು, ಇಡೀ ಸಾಲು ನಿಧಾನವಾಯಿತು. ಎಡಗೈ ಮೇಲಿನ ನ್ಯಾಪ್‌ಕಿನ್ನನ್ನು ಬಲಗೈಗೆ ಹಾಕಿಕೊಂಡಳು, ಎಲ್ಲ ಮೇಜುಗಳ ತಟ್ಟೆಗಳೂ ಒಟ್ಟಿಗೆ ಎದ್ದವು. ದೇವರು ಇದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೆ ಹೀಗೇ ಕೆಲಸ ಮಾಡುತ್ತಿರಬೇಕು ಅನ್ನಿಸಿತು.

"ಬಾಯಿ ಮುಚ್ಕೊಂಡು ನೋಡು, ನೊಣ ಹೋಗುತ್ತೆ," ಎಂದ ಪಕ್ಕದ ವೇಟರ್.

ಆ ವರ್ಷದ ಸಂಸ್ಥಾಪನಾ ದಿನ ಮಧ್ಯಾಹ್ನ ದೊಡ್ಡ ಊಟ, ಸಂಜೆ ಸರ್ವ ಸದಸ್ಯರ ಸಭೆ. ಸಭೆಯಲ್ಲಿ ದೊಡ್ಡಮ್ಮನ ವಿಷಯ ಬರುವುದಿತ್ತು. ಖಾಯಂ ಮಾಡುವುದು, ಇಲ್ಲವೇ ಹೊರಗಿನಿಂದ ಇನ್ನೊಬ್ಬನನ್ನು ತರುವುದು. ಅವಳಿಗೆ ಐವತ್ತಾರಾಗಿತ್ತು. ಈ ಸಲ ಆಗದಿದ್ದರೆ ಇನ್ನೆಂದೂ ಆಗುವುದಿಲ್ಲ ಎಂದು ಅಡಿಗೆಮನೆಯ ಪಾತ್ರೆ ತೊಳೆಯುವವರಿಗೂ ಗೊತ್ತಿತ್ತು.

ಆ ಊಟಕ್ಕಿಂತ ಅಧ್ಯಕ್ಷರಿಗೆ ತಮ್ಮ ತೋಟ ಮುಖ್ಯವಾಗಿತ್ತು. ಅವರು ಅಪಾರ್ಟ್‌ಮೆಂಟ್ ಕಟ್ಟಿಸುವವರು. ಡೈನಿಂಗ್ ಹಾಲ್‌ನ ತಾರಸಿಯ ಮೇಲೆ ಲಾರಿಗಟ್ಟಲೆ ಮಣ್ಣು ಹೊರಿಸಿ ಹುಲ್ಲು ಬೆಳೆಸಿದ್ದರು, ಗಿಡ ನೆಡಿಸಿದ್ದರು, ನಡುವೆ ಕಲ್ಲಿನ ಕಾರಂಜಿ ಇಡಿಸಿದ್ದರು. ಊಟದ ನಂತರ ಸದಸ್ಯರನ್ನು ಮೇಲೆ ಕರೆದುಕೊಂಡು ಹೋಗಿ ತೋರಿಸುವ ಆಸೆ. ಹಿಂದೆ ಕಮಿಟಿಯಲ್ಲಿ ಈ ಮಾತು ಬಂದಾಗ, ಹಳೆಯ ಸೂರು ಅಷ್ಟು ಭಾರ ತಡೆಯುತ್ತದೆಯೇ ಎಂದು ದೊಡ್ಡಮ್ಮ ಕೇಳಿದ್ದಳಂತೆ. "ಸ್ವಲ್ಪ ಜೋರಾಗಿ ಹೇಳಿ," ಎಂದರಂತೆ ಯಾರೋ. ಎಲ್ಲರೂ ನಕ್ಕು ಮುಂದಿನ ವಿಷಯಕ್ಕೆ ಹೋದರಂತೆ.

ಆ ದಿನ ಬೆಳಗಿನಿಂದ ತೋಟಕ್ಕೆ ಪೈಪಿನಲ್ಲಿ ನೀರು ಬಿಟ್ಟಿದ್ದರು, ಹುಲ್ಲು ಹಸಿರಾಗಿ ಕಾಣಲಿ ಎಂದು.

ಜನ ಬಂದು ಕೂತಿದ್ದರು. ಮೊದಲ ಸೂಪು ಹೋಗುವುದು ಮೂಲೆಯ ಮೇಜಿನ ಮುದುಕರೊಬ್ಬರಿಗೆ. ಕ್ಲಬ್ಬಿನ ಅತಿ ಹಳೆಯ ಸದಸ್ಯರು. ಅವರಿಗೆ ಎಲ್ಲರಿಗಿಂತ ಮೊದಲು ಸೂಪು ಕೊಡುವುದು ಅಲ್ಲಿನ ಪದ್ಧತಿ, ಅವರನ್ನು ಸೂಪ್ ತಾತ ಎಂದು ಕರೆಯುವುದು ನಮ್ಮ ಪದ್ಧತಿ. ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಊಟಕ್ಕೆ ಕೂತರೆ ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅವರ ಬಟ್ಟಲು ಇಟ್ಟು ನಾನು ಅಡಿಗೆಮನೆಗೆ ತಿರುಗಿದೆ. ನಡುವಿನ ಬಾಗಿಲು ಅಲ್ಲಾಡಲಿಲ್ಲ.

ಅದು ಎರಡೂ ಕಡೆಗೆ ತೂಗುವ ಬಾಗಿಲು. ಮೊಣಕೈ ತಾಗಿಸಿದರೆ ತೆರೆದು, ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಈಗ ಅರ್ಧ ತೆರೆದು ಚೌಕಟ್ಟಿನಲ್ಲಿ ಕಚ್ಚಿಕೊಂಡಿತ್ತು. ಆಚೆಯಿಂದ ಶೆಫ್ ಒದೆಯುತ್ತಿದ್ದ.

"ಇವತ್ತೇ ಇದಕ್ಕೂ ಮೈಕೈ ನೋವು ಬರಬೇಕಾ? ಬಡಗೀನ ಕರೀರಿ, ಇಲ್ಲ ಕೊಡಲಿ ಕೊಡಿ," ಎಂದ ಅವನು.

ದೊಡ್ಡಮ್ಮ ಬಂದಳು. ಬಾಗಿಲನ್ನು ನೋಡಲಿಲ್ಲ. ಚೌಕಟ್ಟಿನ ಮೇಲೆ ಅಂಗೈ ಇಟ್ಟು ಮೇಲಕ್ಕೆ ನೋಡಿದಳು. ನಾನೂ ನೋಡಿದೆ. ಚೌಕಟ್ಟಿನ ಮೂಲೆಯಿಂದ ಕೂದಲೆಳೆಯಂಥ ಬಿರುಕೊಂದು ಹೊರಟು ಸೂರಿನ ಉದ್ದಕ್ಕೂ, ಮೊದಲ ತೂಗುದೀಪದವರೆಗೆ ಹೋಗಿತ್ತು. ನನ್ನ ಕಪ್ಪು ಕೋಟಿನ ತೋಳಿನ ಮೇಲೆ ಬಿಳಿ ಪುಡಿ ಉದುರಿತ್ತು.

"ಉಪ್ಪಾ?" ಎಂದೆ.

ಅವಳು ಅದನ್ನು ಬೆರಳಿನಲ್ಲಿ ಉಜ್ಜಿದಳು. "ಗಾರೆ," ಎಂದಳು. ನಂತರ ಶೆಫ್ ಕಡೆಗೆ ತಿರುಗಿ, "ಗ್ಯಾಸ್ ಆರಿಸು. ನಿನ್ನ ಜನಾನ ಹಿಂದಿನ ಬಾಗಿಲಿಂದ ಹೊರಗೆ ಕಳಿಸು."

"ಸೂಪು?"

"ಪಾತ್ರೆ ಸಮೇತ ಲಾನ್ ಮೇಲೆ."

ಅವನು ತಮಾಷೆಗೆ ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿ ಗ್ಯಾಸ್ ಆರಿಸಲು ಓಡಿದ.

"ಮೇಡಂ, ಮೈಕಲ್ಲಿ ಹೇಳಿಸೋಣ," ಎಂದೆ.

"ಹೇಳಿದ್ರೆ ಒಂದು ಬಾಗಿಲಿಗೆ ಮುನ್ನೂರು ಜನ ನುಗ್ತಾರೆ. ಅರ್ಧ ಜನ ಕೋಲು ಹಿಡಿದೋರು. ಅವರನ್ನ ಸೂರು ಕೊಲ್ಲೋದಕ್ಕೆ ಮೊದಲು ಅವರವರೇ ಕೊಲ್ತಾರೆ." ಅಷ್ಟು ಹೇಳಿ ಅವಳು ನ್ಯಾಪ್‌ಕಿನ್ ಸರಿಮಾಡಿಕೊಂಡು, ಮದುವೆಮನೆಯಲ್ಲಿ ಬೀಗರನ್ನು ಊಟಕ್ಕೆ ಎಬ್ಬಿಸಲು ಹೋಗುವವಳ ಹಾಗೆ ನಿಧಾನವಾಗಿ ಅಧ್ಯಕ್ಷರ ಮೇಜಿಗೆ ನಡೆದು, ಅವರ ಕಿವಿಯಲ್ಲಿ ಏನೋ ಹೇಳಿದಳು.

ಅಲ್ಲಿ ಪ್ರತಿವರ್ಷ ಗುಂಪಿನ ಫೋಟೋ ತೆಗೆಯುತ್ತಾರೆ. ಊಟವಾದ ಮೇಲೆ, ಲಾನ್ ಆಚೆಯ ಮೆಟ್ಟಿಲುಗಳ ಮೇಲೆ. ಅದಕ್ಕೆ ಚೌಕಟ್ಟು ಹಾಕಿಸಿ ಒಳಗಿನ ಕಾರಿಡಾರಿನ ಗೋಡೆಗೆ ತೂಗುಹಾಕುತ್ತಾರೆ. ಹೆಂಡತಿಯ ಹುಟ್ಟಿದ ದಿನ ಮರೆತವರು ಅದರಲ್ಲಿ ತಮ್ಮ ಜಾಗ ಮರೆಯುವುದಿಲ್ಲ.

ಅಧ್ಯಕ್ಷರು ಮೈಕ್ ತಟ್ಟಿದರು. "ಈಗ ಬೆಳಕು ಬಹಳ ಚೆನ್ನಾಗಿದೆಯಂತೆ, ಆಮೇಲೆ ಮೋಡ ಬರುತ್ತಂತೆ. ಮೊದಲು ಫೋಟೋ, ಆಮೇಲೆ ಊಟ," ಎಂದರು.

ಗೊಣಗಾಟ ಎದ್ದಿತು. ಆದರೆ ಮುಂದಿನ ಸಾಲಿನ ಯೋಚನೆ ಎಲ್ಲರಿಗೂ ಒಟ್ಟಿಗೇ ಬಂತು. ಕ್ಲಬ್ಬಿನೊಳಗೆ ಓಡಬಾರದು ಎಂಬ ನಿಯಮವಿದೆ. ಓಡದೆಯೇ ಓಡುವುದು ಹೇಗೆ ಎಂದು ಅಲ್ಲಿನವರು ತಲೆತಲಾಂತರದಿಂದ ಕಲಿತಿದ್ದಾರೆ. ದೊಡ್ಡಮ್ಮ ಅದಕ್ಕೂ ಅವಕಾಶ ಕೊಡಲಿಲ್ಲ. ಪ್ರತಿ ಮೇಜಿನ ಹಿಂದೆ ಒಬ್ಬ ವೇಟರ್ ನಿಂತಿದ್ದ. ವೇಟರ್ ಕುರ್ಚಿ ಎಳೆಯದೆ ಎದ್ದರೆ ಮರ್ಯಾದೆ ಅಲ್ಲ ಎಂದುಕೊಂಡ ಜನ ಅವರು. ದೊಡ್ಡಮ್ಮನ ಬೆರಳು ಎಲ್ಲಿ ತೋರಿಸಿತೋ ಅಲ್ಲಿನ ಕುರ್ಚಿಗಳು ಮಾತ್ರ ಹಿಂದೆ ಸರಿದವು. ಬಿರುಕಿನ ಕೆಳಗಿನ ಮೇಜುಗಳು ಮೊದಲು. ಆಮೇಲೆ ಅದರ ಎರಡೂ ಪಕ್ಕ. ಒಂದು ಮೇಜಿನವರು ಬಾಗಿಲು ದಾಟುವ ಹೊತ್ತಿಗೆ ಇನ್ನೊಂದು ಮೇಜು ಎದ್ದಿರುತ್ತಿತ್ತು. ಕೋಲಿನವರಿಗೆ ತೋಳು ಕೊಡಲು ಜನ ಹೋಗಿದ್ದರು. ಒಬ್ಬರ ಭುಜ ಇನ್ನೊಬ್ಬರಿಗೆ ತಾಗಲಿಲ್ಲ. ನಾನು ಕುರ್ಚಿ ಎಳೆಯುತ್ತಿದ್ದೆ, ನಗುತ್ತಿದ್ದೆ. ಕಣ್ಣು ಮಾತ್ರ ಅವಳ ಕೈಯನ್ನು ಬಿಟ್ಟು ಕದಲಲಿಲ್ಲ. ಇಷ್ಟು ದೊಡ್ಡ ಹಾಲ್ ಒಬ್ಬ ಹೆಂಗಸಿನ ತೋರುಬೆರಳಿಗೆ ಖಾಲಿಯಾಗುವುದನ್ನು ನಾನು ನೋಡಿದೆ ಎಂದು ಈಗಲೂ ಯಾರಿಗಾದರೂ ಹೇಳಿದರೆ, ಸ್ವಲ್ಪ ಉಪ್ಪುಖಾರ ಹಚ್ಚಿದ್ದೀಯ ಎನ್ನುತ್ತಾರೆ. ಹಚ್ಚಿಲ್ಲ.

ಉಳಿದವರು ಸೂಪ್ ತಾತ. ಫೋಟೋ, ಬೆಳಕು, ಅಧ್ಯಕ್ಷರು ಯಾವುದೂ ಅವರಿಗೆ ಕೇಳಿಸಿರಲಿಲ್ಲ. ನಾನು ಕುರ್ಚಿ ಹಿಡಿದೆ, ಅವರು ಚಮಚದಿಂದ ನನ್ನ ಕೈಗೆ ಹೊಡೆದರು. ಸೂರಿನಿಂದ ಟಕ್ ಎಂದು ಒಂದು ಸದ್ದು ಬಂತು. ಅವರಿಗೆ ಕಿವಿ ಇಲ್ಲ, ದೊಡ್ಡಮ್ಮನಿಗೆ ದನಿ ಇಲ್ಲ. ಇನ್ನು ಹೊತ್ತುಕೊಂಡೇ ಹೋಗಬೇಕು ಎಂದುಕೊಂಡೆ.

ದೊಡ್ಡಮ್ಮ ಬಂದು ಅವರ ಮುಂದಿನ ಬಟ್ಟಲನ್ನು ಎತ್ತಿಕೊಂಡು ಹೊರಟಳು.

"ಏಯ್. ನನ್ನ ಸೂಪು," ಎಂದರು ತಾತ. ಅವಳು ತಿರುಗಲಿಲ್ಲ. ಅವರು ಎದ್ದರು. ಚಮಚ ಹಿಡಿದುಕೊಂಡು, ಎದೆಗೆ ಕಟ್ಟಿದ ನ್ಯಾಪ್‌ಕಿನ್ ಸಮೇತ, ಬಯ್ಯುತ್ತ ಬಯ್ಯುತ್ತ ಬಟ್ಟಲಿನ ಹಿಂದೆ ಹಾಲ್ ದಾಟಿದರು, ವರಾಂಡಾ ದಾಟಿದರು, ಲಾನ್‌ಗೆ ಇಳಿದರು. ಅಲ್ಲಿ ಮರದ ಕೆಳಗಿನ ಬೆಂಚಿನ ಮೇಲೆ ಬಟ್ಟಲು ಇಟ್ಟು ಅವಳು ತಲೆಬಾಗಿದಳು. ಅವರು ಕೂತು ಕುಡಿಯತೊಡಗಿದರು.

ಫೋಟೋಗೆ ನಿಲ್ಲುವ ಜಗಳ ಎಂದಿನಷ್ಟೇ ಹೊತ್ತು ಹಿಡಿಯಿತು. ಮೊದಲು ಸೇರಿದವರು ಯಾರು, ಅಪ್ಪನ ಸದಸ್ಯತ್ವ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ, ಎತ್ತರದವರು ಮುಂದೆ ಯಾಕೆ. ಆ ಜಗಳವನ್ನೂ ದೊಡ್ಡಮ್ಮ ಲೆಕ್ಕದಲ್ಲಿ ಹಿಡಿದಿದ್ದಳು. ಅದು ಮುಗಿಯುವುದರೊಳಗೆ ಇಸ್ಪೀಟು ಕೋಣೆಯ ಮೇಜುಗಳು, ಟೆನಿಸ್ ಅಂಗಳದ ಬೆಂಚುಗಳು ಲಾನ್ ಮೇಲೆ ಸಾಲಾಗಿ ಬಂದಿದ್ದವು. ಹಾಲ್‌ನ ಬಾಗಿಲು ಹಾಕಿ ಅವಳು ಅದರ ಮುಂದೆ ನಿಂತಿದ್ದಳು.

ಅಧ್ಯಕ್ಷರು ಕೈ ಉಜ್ಜುತ್ತ ಬಂದರು. "ಸರಿ, ನಡೀರಿ, ಊಟ."

"ಊಟ ಇಲ್ಲೇ ಸರ್, ಹೊರಗೆ," ಎಂದಳು ದೊಡ್ಡಮ್ಮ. ಆಮೇಲೆ ಕಾರಣ ಹೇಳಿದಳು. ಬಿರುಕು, ಕಚ್ಚಿಕೊಂಡ ಬಾಗಿಲು, ನೀರು ಕುಡಿದ ಮಣ್ಣು. ಅವರು ಬಗ್ಗಿ ಕೇಳಿಸಿಕೊಂಡರು. ಕಿಟಕಿಯ ಗಾಜಿನಿಂದ ಒಳಗೆ ನೋಡಿದರು. ಬಿಳಿ ಬಟ್ಟೆಯ ಮೇಜುಗಳು, ಹೊಳೆಯುವ ಲೋಟಗಳು, ಎಲ್ಲ ಇದ್ದ ಹಾಗೇ ಇತ್ತು.

"ನಾನು ಊರು ತುಂಬ ಕಟ್ಟಡ ಕಟ್ಟಿದೀನಿ. ಇದನ್ನ ನಾನೇ ನಿಂತು ಮಾಡಿಸಿದ್ದು," ಎಂದರು. ಅವರ ದನಿ ಏರಿತ್ತು. "ಒಂದು ಚಿಟಿಕೆ ಪುಡಿ ಉದುರಿದ್ದಕ್ಕೆ ಆಕಾಶ ಕಳಚಿ ಬಿದ್ದ ಹಾಗೆ ಆಡ್ತಿದ್ದೀರಲ್ಲ. ನನ್ನ ಹತ್ರ ಸುಳ್ಳು ಹೇಳಿ ಎಬ್ಬಿಸಿದ್ರಿ. ಬಾಗಿಲು ಬಿಡಿ."

"ಇಲ್ಲ ಸರ್."

"ಸಂಜೆ ಸಭೇಲಿ ನಿಮ್ಮ ವಿಷಯ ಇದೆ. ನೆನಪಿದೆಯಾ?"

"ಇದೆ ಸರ್."

ಅವಳು ಕದಲಲಿಲ್ಲ. ಅವರು ಒಂದು ಕ್ಷಣ ಅವಳನ್ನು ನೋಡಿ, ವರಾಂಡಾ ಸುತ್ತಿಕೊಂಡು ಅಡಿಗೆಮನೆಯ ಕಡೆಯಿಂದ ಒಳಗೆ ಹೋದರು. ಗಾಜಿನಿಂದ ನಮಗೆ ಕಾಣುತ್ತಿತ್ತು. ಕಚ್ಚಿಕೊಂಡ ಬಾಗಿಲಿನ ಸಂದಿಯಲ್ಲಿ ಹೊಟ್ಟೆ ಒಳಕ್ಕೆಳೆದುಕೊಂಡು ನುಸುಳಿ, ಖಾಲಿ ಹಾಲ್ ದಾಟಿ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ನ್ಯಾಪ್‌ಕಿನ್ ಬಿಡಿಸಿ ತೊಡೆಯ ಮೇಲೆ ಹಾಕಿಕೊಂಡರು. ಇಬ್ಬರು ವೇಟರ್‌ಗಳು ಅಭ್ಯಾಸಬಲದಿಂದ ಒಳಕ್ಕೆ ಹೆಜ್ಜೆ ಎತ್ತಿದರು. ದೊಡ್ಡಮ್ಮ ಅಂಗೈ ಕೆಳಗೆ ಮಾಡಿ ಹಿಡಿದಳು. ಇಬ್ಬರೂ ನಿಂತರು. ಲಾನ್ ಮೇಲಿದ್ದ ನಮ್ಮವರೆಲ್ಲ ನಿಂತರು, ಕೈಯಲ್ಲಿ ತಟ್ಟೆ ಇದ್ದವರು ತಟ್ಟೆ ಸಮೇತ.

"ದೊಡ್ಡಮ್ಮ, ಹೋಗಿ ಕರಿ ಅವರನ್ನ," ಎಂದೆ. ಮೇಡಂ ಎನ್ನುವುದು ಮರೆತಿತ್ತು.

"ಕರೆದ್ರೆ ಅಲ್ಲೇ ಕೂತ್ಕೋತಾನೆ," ಎಂದಳು. ಸದಸ್ಯರೊಬ್ಬರನ್ನು ಅವಳು ಏಕವಚನದಲ್ಲಿ ಕರೆದದ್ದನ್ನು ನಾನು ಮೊದಲ ಸಲ ಕೇಳಿದೆ. "ಬಡಿಸದೆ ಇದ್ರೆ ಎದ್ದು ಬರ್ತಾನೆ. ಹುಟ್ಟಿದಾಗಿಂದ ಯಾರೂ ಕಾಯಿಸಿಲ್ಲ ಅವನನ್ನ." ಅವಳ ಕತ್ತಿನ ಗಾಯದ ಗುರುತು ಮೇಲೆ ಕೆಳಗೆ ಆಡುತ್ತಿತ್ತು. ಕೈ ಮಾತ್ರ ಹಾಗೇ ಇತ್ತು.

ಅಧ್ಯಕ್ಷರು ಆಚೆ ನೋಡಿದರು, ಈಚೆ ನೋಡಿದರು. ಚಿಟಿಕೆ ಹೊಡೆದರು. ಚಮಚದಿಂದ ತಟ್ಟೆ ಬಡಿದರು. ಅಷ್ಟು ಮೇಜುಗಳ ನಡುವೆ ಒಬ್ಬರೇ, ಉಣ್ಣಲು ಏನೂ ಇಲ್ಲದೆ. ಲಾನ್ ಮೇಲೆ ಯಾರೋ ನಕ್ಕರು. ಅವರು ಎದ್ದು ಕುರ್ಚಿ ಒದ್ದು ಹೊರಗೆ ಬಂದರು.

"ನೀವು ಇನ್ನು ಇಲ್ಲಿ ಮ್ಯಾನೇಜರ್ ಅಲ್ಲ," ಎಂದರು, ಎಲ್ಲರ ಎದುರಿಗೆ. "ಖಾಯಂ ಇರಲಿ, ಹಂಗಾಮಿಯೂ ಅಲ್ಲ. ನಾಳೆಯಿಂದ ಬರಬೇಡಿ. ಕೇಳಿಸ್ತಾ?"

"ಕೇಳಿಸ್ತು ಸರ್. ಊಟ ಮುಗಿಸಿಕೊಟ್ಟು ಹೋಗ್ತೀನಿ."

ಎಡಗೈಯ ನ್ಯಾಪ್‌ಕಿನ್ ಸರಿಮಾಡಿಕೊಂಡು ಅವಳು ಮರದ ಪಕ್ಕ ಹೋಗಿ ನಿಂತಳು. ಊಟ ಶುರುವಾಯಿತು. ಜನ ಮೊದಮೊದಲು ಗೊಣಗಿದರು. ಆಮೇಲೆ ಗಾಳಿ ಚೆನ್ನಾಗಿದೆ ಎಂದರು. ಬಿರುಕು ಕಂಡು ಊಟ ಹೊರಗೆ ಹಾಕಿಸಿದ ಮ್ಯಾನೇಜರಮ್ಮನ ಬಗ್ಗೆ ಒಂದೆರಡು ಜೋಕುಗಳು ಮೇಜಿನಿಂದ ಮೇಜಿಗೆ ಹೋದವು. ಅವಳು ಕಾಲರ್ ಮುಟ್ಟುತ್ತಿದ್ದಳು, ನೀರು ಹೋಗುತ್ತಿತ್ತು. ನಾನು ಬಡಿಸುತ್ತ ಅಳುತ್ತಿದ್ದೆ. ಒಬ್ಬ ಸದಸ್ಯರು ಸಾಸಿವೆ ಖಾರ ಹೆಚ್ಚಾಯಿತೇನಮ್ಮ ಎಂದು ಕೇಳಿದರು.

ಸಿಹಿ ಬಡಿಸುವಾಗ ಹಾಲ್ ಬಿತ್ತು.

ಮೊದಲು ಕಿಟಕಿಗಳು ಉಸಿರು ಬಿಟ್ಟ ಹಾಗೆ ಹೊರಕ್ಕೆ ಒಡೆದವು. ಸದ್ದು ಆಮೇಲೆ ಬಂತು, ಕಾಲಿನ ಕೆಳಗಿನಿಂದ. ಲಾನ್ ಮೇಲಿನ ಮೇಜುಬಟ್ಟೆಗಳೆಲ್ಲ ಒಮ್ಮೆಲೇ ಎದ್ದು ನಿಂತವು. ಬಿಳಿಯ ದೂಳು ವರಾಂಡಾ ದಾಟಿ ನಮ್ಮ ಮೇಲೆ ಬಂತು. ಅದು ಇಳಿದಾಗ ಗೋಡೆಗಳು ನಿಂತಿದ್ದವು, ಸೂರು ಇರಲಿಲ್ಲ. ತಾರಸಿಯ ತೋಟ ಇದ್ದ ಹಾಗೇ ಕೆಳಗಿಳಿದು ಊಟದ ಮೇಜುಗಳ ಮೇಲೆ ಕೂತಿತ್ತು. ಹುಲ್ಲು ಅಷ್ಟು ಹಸಿರಾಗಿತ್ತು. ಗಿಡಗಳು ನೆಟ್ಟಗಿದ್ದವು. ಅಧ್ಯಕ್ಷರ ಕುರ್ಚಿ ಇದ್ದ ಕಡೆ ಕಲ್ಲಿನ ಕಾರಂಜಿ ಇತ್ತು. ಮೇಲೆ ಹಾಲ್‌ನಷ್ಟೇ ದೊಡ್ಡ ಆಕಾಶ.

ಮುನ್ನೂರು ಜನ ಬಾಯಿ ತೆರೆದುಕೊಂಡು ಆ ಕಡೆಗೆ ನೋಡುತ್ತಿದ್ದರು. ದೊಡ್ಡಮ್ಮ ಒಬ್ಬಳು ಮಾತ್ರ ಅದಕ್ಕೆ ಬೆನ್ನು ಹಾಕಿ ನಿಂತು, ತುಟಿ ಆಡಿಸುತ್ತ ನಮ್ಮ ತಲೆಗಳನ್ನು ಎಣಿಸುತ್ತಿದ್ದಳು. ಮೊದಲು ಸದಸ್ಯರು, ಆಮೇಲೆ ವೇಟರ್‌ಗಳು, ಆಮೇಲೆ ಅಡಿಗೆಮನೆಯವರು. ಎಣಿಕೆ ಮುಗಿದ ಮೇಲೆ ಅವಳು ಅಲ್ಲೇ ಹುಲ್ಲಿನ ಮೇಲೆ ಕೂತಳು. ಸದಸ್ಯರ ಎದುರಿಗೆ ಅವಳು ಕೂತದ್ದನ್ನು ಅಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ. ಸೂಪ್ ತಾತ ಕಿವಿಯ ಯಂತ್ರ ಹಾಕಿಕೊಂಡು, ಏನಾಯ್ತು ಎಂದು ಪಕ್ಕದವರನ್ನು ಕೇಳಿದರು. ಪಕ್ಕದವರು ಹಾಲ್ ಕಡೆಗೆ ಕೈ ತೋರಿಸಿದರು. ಅಧ್ಯಕ್ಷರು ಒಂದು ಬೆಂಚಿನ ತುದಿಯಲ್ಲಿ ಕೂತು ತಮ್ಮ ಬೂಟುಗಳನ್ನು ನೋಡುತ್ತಿದ್ದರು. ಕ್ಷಮೆ ಕೇಳಲಿಲ್ಲ. ಅಂಥವರಿಗೆ ಅದರ ಅಭ್ಯಾಸ ಇರುವುದಿಲ್ಲ.

ಸಂಜೆಯ ಸಭೆ ಟೆನಿಸ್ ಅಂಗಳದಲ್ಲಿ ನಡೆಯಿತು. ದೊಡ್ಡಮ್ಮನನ್ನು ಖಾಯಂ ಮಾಡಬೇಕು ಎಂದು ಸೂಚಿಸಿದವರು ಅಧ್ಯಕ್ಷರೇ. ಎದ್ದು ನಿಂತು, ಒಂದೇ ವಾಕ್ಯ ಹೇಳಿ, ಕೂತರು. ಎಲ್ಲ ಕೈಗಳೂ ಮೇಲಕ್ಕೆ ಹೋದವು. ಅವಳು ಅಲ್ಲಿ ಇರಲಿಲ್ಲ. ನಾನು ಹುಡುಕಿಕೊಂಡು ಓಡಿದೆ. ಅವಳು ವರಾಂಡಾದ ಅಂಚಿನಲ್ಲಿ ಶೆಫ್ ಜೊತೆ ನಿಂತು, ಮುರಿದ ಕಿಟಕಿಯಿಂದ ಒಳಗೆ ನೋಡುತ್ತಿದ್ದಳು.

"ಖಾಯಂ ಆಯ್ತು ದೊಡ್ಡಮ್ಮ," ಎಂದೆ.

"ನೋಡಿದ್ರಾ ಮೇಡಂ? ಕೆಲಸ ಸಿಕ್ತು, ಕೆಲಸ ಮಾಡೋ ಜಾಗ ಹೋಯ್ತು," ಎಂದ ಶೆಫ್.

ಅವಳು ಮೂಗು ಒರೆಸಿಕೊಂಡಳು. "ಪೆನ್ನು ಇದೆಯಾ?" ಎಂದಳು ನನಗೆ. "ಇನ್ಶೂರೆನ್ಸಿನವರಿಗೆ ಹಾಳಾದದ್ದರ ಪಟ್ಟಿ ಬೇಕು. ಬರ್ಕೋ."

ಅವಳು ಪಿಸುಮಾತಿನಲ್ಲಿ ಹೇಳುತ್ತ ಹೋದಳು, ನಾನು ಬರೆದೆ. ಜನ, ಯಾರೂ ಇಲ್ಲ. ಸೂರು, ಒಂದು. ತೂಗುದೀಪ, ಎರಡು. ಮೇಜು, ಮೂವತ್ತಾರು. ಕುರ್ಚಿ, ಇನ್ನೂರ ಎಂಬತ್ತೆಂಟು. ಪಿಯಾನೊ, ಒಂದು. ಕಿಟಕಿ, ಹದಿನಾಲ್ಕು. ಲೋಟ, ಎಣಿಸಲು ಆಗಲಿಲ್ಲ.